ಪದಚರ್ಚೆ: ‘ಫೆಯ್ತೋರಿಯ’ ಕಾರ್ಖಾನೆಯೋ, ಕೋಠಿಯೋ?

ಪ್ರಶ್ನೆ:
ಪೋರ್ಚುಗೀಸರು 1500ರಲ್ಲಿ ಕಲ್ಲಿಕೋಟೆಯಲ್ಲಿ ತೆರೆದ ‘ಫೆಯ್ತೋರಿಯ’ವನ್ನು ಇಂಗ್ಲಿಷ್ ಪುಸ್ತಕಗಳು ‘ಫ್ಯಾಕ್ಟರಿ’ ಎನ್ನುತ್ತವೆ. ಅದನ್ನು ನೋಡಿ ಕನ್ನಡದಲ್ಲಿ ‘ಕಾರ್ಖಾನೆ’ ಎಂದು ಬರೆದದ್ದೂ ಉಂಟು. ಅಲ್ಲಿ ಏನೂ ತಯಾರಾಗುತ್ತಿರಲಿಲ್ಲವಲ್ಲ? ‘ಕೋಠಿ’ ಎನ್ನಬೇಕೆ, ಇಲ್ಲಾ ಕರಾವಳಿಯ ‘ಬಂಡಸಾಲೆ’ ಸಾಕೆ?

ಉತ್ತರ:
ಕಾರ್ಖಾನೆ ಬೇಡವೇ ಬೇಡ, ಸರ್. ಪದದ ಬೇರು ‘ಫೆಯ್ತೋರ್’, ಅಂದರೆ ಇನ್ನೊಬ್ಬರ ಪರವಾಗಿ ವ್ಯವಹಾರ ನಡೆಸುವವನು. ಅವನು ಕೂರುವ ಜಾಗ ಫೆಯ್ತೋರಿಯ. ಪಶ್ಚಿಮ ಆಫ್ರಿಕದ ಮಿನಾದಲ್ಲಿ (1482) ಅವನು ಪೋರ್ಚುಗಲ್ ಅರಸನ ಪರವಾಗಿ ಬಟ್ಟೆ, ಹಿತ್ತಾಳೆ ಬಳೆ ಕೊಟ್ಟು ಚಿನ್ನ ಕೊಳ್ಳುತ್ತಿದ್ದ, ಮಲಬಾರಿನಲ್ಲಿ ಮೆಣಸು. ಅಲೆಕ್ಸಾಂಡ್ರಿಯ, ವೆನಿಸ್ ದಾರಿಯಲ್ಲಿ ಕೈಕೈ ದಾಟಿ ಬೆಲೆ ಏರಿಸಿಕೊಂಡು ಬರುವ ಮೆಣಸನ್ನು ಬೆಳೆಯುವ ಕಡೆಯೇ ಕೊಂಡು, ಆ ಲಾಭವನ್ನು ಅರಮನೆಯ ಬೊಕ್ಕಸಕ್ಕೆ ತಿರುಗಿಸುವುದು ಲಿಸ್ಬನ್ನಿನ ಲೆಕ್ಕ. ‘ಕಾರ್ಖಾನೆ’ ಎಂದ ಕೂಡಲೇ ಈ ಲೆಕ್ಕವೇ ಓದುಗನ ಕಣ್ಣಿಂದ ಮರೆಯಾಗುತ್ತದೆ.

‘ಬಂಡಸಾಲೆ’ ಚಂದದ ಪದ, ನನಗೂ ಇಷ್ಟ. ಆದರೆ ಅದು ಸರಕಿಡುವ ಜಾಗ ಮಾತ್ರ. ಇಲ್ಲಿ ಮುಖ್ಯ ಜಾಗವಲ್ಲ, ಮನುಷ್ಯ. ಲಿಸ್ಬನ್ನಿನಿಂದ ಮಾರ್ಚ್ ಹೊತ್ತಿಗೆ ಹೊರಟ ಹಡಗು ಸೆಪ್ಟೆಂಬರ್ ಸುಮಾರಿಗೆ ಮಲಬಾರು ಮುಟ್ಟಿ, ಗಾಳಿ ನೋಡಿಕೊಂಡು ಜನವರಿಯ ಆಸುಪಾಸಿನಲ್ಲಿ ಮರಳಬೇಕು. ಹೊಸ ಮೆಣಸು ಕೊಯ್ಲಿಗೆ ಬರುವುದೂ ಹೆಚ್ಚುಕಡಿಮೆ ಆಗಲೇ. ಹಡಗು ಕಂಡ ಮೇಲೆ ಕೊಳ್ಳಹೊರಟರೆ ವರ್ತಕರು ಬೆಲೆ ಏರಿಸುತ್ತಾರೆ; ಅವಸರಕ್ಕೆ ಅರೆಬರೆ ಒಣಗಿದ್ದನ್ನು ತುಂಬಿದರೆ ದಾರಿಯಲ್ಲೇ ತೂಕ ಇಳಿಯುತ್ತದೆ. ಅದಕ್ಕೇ ಹಡಗು ಹೋದ ಮೇಲೂ ಅಲ್ಲೇ ಉಳಿದು, ಬೆಲೆ ಕುದುರಿಸಿ, ತೂಗಿಸಿ, ದಾಸ್ತಾನು ಮಾಡಿಡುವವನು ಬೇಕಾಯಿತು. ಆಳು, ಕಚೇರಿ, ಉಗ್ರಾಣ ಮೂರನ್ನೂ ಒಟ್ಟಿಗೆ ಹೊರುವ ಪದ ‘ಕೋಠಿ’. ಟಿಪ್ಪು ಮಸ್ಕತ್ತಿನಲ್ಲಿ ಇಟ್ಟಿದ್ದ ವ್ಯಾಪಾರದ ನೆಲೆಗೂ ಕೋಠಿ ಎಂದೇ ಹೆಸರು. ಕಾರವಾರದ ಇಂಗ್ಲಿಷರ ‘ಫ್ಯಾಕ್ಟರಿ’ಗೂ ಇದೇ ಸಲ್ಲುತ್ತದೆ.

ಫೆಯ್ತೋರ್‌ಗೆ ಇಂಗ್ಲಿಷಿನಲ್ಲಿ ‘ಫ್ಯಾಕ್ಟರ್’ ಎಂದಿರುವಲ್ಲಿ ‘ಕೋಠಿಯ ಮುಖ್ಯಸ್ಥ’ ಎನ್ನಿ. 1500ರ ಡಿಸೆಂಬರಿನಲ್ಲಿ ಕಲ್ಲಿಕೋಟೆಯ ಕೋಠಿಗೆ ಜನ ನುಗ್ಗಿದಾಗ ಸತ್ತ ಐರೆಸ್ ಕೊರೇಯ ಅಂಥವನು. ಅವನನ್ನು ‘ಕಾರ್ಖಾನೆಯ ಮಾಲೀಕ’ ಮಾಡಿದರೆ ಎರಡು ತಪ್ಪು: ಅದು ಕಾರ್ಖಾನೆಯಲ್ಲ, ಮಾಲೀಕ ಲಿಸ್ಬನ್ನಿನ ಅರಸ.

ಪೋರ್ಚುಗೀಸರ ಮೆಣಸು ವ್ಯಾಪಾರದ ಕಾಗದಪತ್ರಗಳಲ್ಲಿ ಇನ್ನೊಂದು ಗುಂಡಿ ಇದೆ, ‘ಕಿಂತಾಲ್’ ಎಂಬ ತೂಕದ ಅಳತೆ. ಎಪಿಎಂಸಿಯ ನೂರು ಕೆಜಿ ಕ್ವಿಂಟಾಲ್ ಅಲ್ಲ ಅದು. ಮೆಣಸು ತೂಗುತ್ತಿದ್ದ ಕಿಂತಾಲ್ ಸುಮಾರು 51 ಕೆಜಿ. ಗಮನಿಸದೆ ‘ಕ್ವಿಂಟಾಲ್’ ಎಂದು ಇಳಿಸಿದರೆ ಹಡಗಿನ ಸರಕು ಕುಳಿತಲ್ಲೇ ದುಪ್ಪಟ್ಟಾಗುತ್ತದೆ.