ಸಹಾಯ ಬೇಕು: ಸೇವ್ ಆಗುವ ಮೊದಲೇ ಪಾಸ್‌ವರ್ಡ್ ಮಾಯ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯವ ನಾನು. ಮೂರು ತಿಂಗಳಿಂದ ಪಾಸ್‌ವರ್ಡ್ ಎಲ್ಲ ಜೋಪಾನವಾಗಿ ಇಡುವ ಬಿಟ್‌ವಾರ್ಡನ್ ಆ್ಯಪ್ ಬಳಸ್ತಾ ಇದ್ದೇನೆ. ಅದಕ್ಕೂ ಮೊದಲು ಪಾಸ್‌ವರ್ಡ್ ಎಲ್ಲ ಅಡಿಕೆ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿದ್ದವು.

ನಿನ್ನೆ ಪೈಪ್ ತರಿಸೋಕೆ ಒಂದು ವೆಬ್‌ಸೈಟ್‌ನಲ್ಲಿ ನೋಂದಣಿಗೆ ಕೂತೆ. 20 ಅಕ್ಷರದ ಪಾಸ್‌ವರ್ಡ್ ಜನರೇಟ್ ಮಾಡಿ, ತುಂಬಿಸಿ, ಮುಂದಿನ ಪುಟಕ್ಕೆ ಹೋದೆ. ಒಟಿಪಿ ಹೋಗಿದ್ದು ಅಪ್ಪನ ಫೋನಿಗೆ. ಅವರು ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ಬಂದು ನಂಬರ್ ಹೇಳಿದರು, ಖಾತೆಯೂ ಆಯಿತು. ಆದರೆ 'ಸೇವ್ ಮಾಡಲೇ?' ಅನ್ನೋ ಪಟ್ಟಿ ಬಂದು ಹೋಗಿತ್ತೋ, ಬರಲೇ ಇಲ್ಲವೋ, ವಾಲ್ಟ್‌ನಲ್ಲಿ (ಬಿಟ್‌ವಾರ್ಡನ್ ಪಾಸ್‌ವರ್ಡ್ ಕೂಡಿಡುವ ಜಾಗ) ಏನೂ ಇಲ್ಲ ಮಾರಾಯ್ರೆ!

ಜನರೇಟರ್ ಹಿಸ್ಟರಿಯಲ್ಲಿ, ಅಂದರೆ ಬಿಟ್‌ವಾರ್ಡನ್ ಹಿಂದೆ ಜನರೇಟ್ ಮಾಡಿದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ, ಹುಡುಕಬಹುದಿತ್ತು. ಅದು ಆ ಸಾಧನದಲ್ಲೇ ಇರುತ್ತದೆ, ಲಾಗ್‌ಔಟ್ ಆದರೆ ಅಳಿಸಿಹೋಗುತ್ತದೆ. ನಾನು ಗಡಿಬಿಡಿಯಲ್ಲಿ ಲಾಗ್‌ಔಟ್ ಮಾಡಿಬಿಟ್ಟಿದ್ದೆ. ಬರೀ ಲಾಕ್ ಮಾಡಿದ್ದರೆ ಸಾಕಿತ್ತು.

'ಪಾಸ್‌ವರ್ಡ್ ಮರೆತಿರಾ' ಒತ್ತಿದರೆ ಮತ್ತೆ ಒಟಿಪಿ, ಮತ್ತೆ ಅಪ್ಪ, ಮತ್ತೆ ಗುಡ್ಡ. ಅದನ್ನು ಸಂಜೆ ನೋಡಿಕೊಳ್ಳುತ್ತೇನೆ. ಕೇಳಬೇಕಾದ್ದು ಬೇರೆ: ಮೊದಲೇ ವಾಲ್ಟ್‌ನಲ್ಲಿ ಹೊಸ ಲಾಗಿನ್ ಮಾಡಿ, ಅಲ್ಲೇ ಪಾಸ್‌ವರ್ಡ್ ಜನರೇಟ್ ಮಾಡಿ ಸೇವ್ ಒತ್ತಿ, ಆಮೇಲೆ ಫಾರ್ಮ್ ತುಂಬುವವರು ಯಾರಾದರೂ ಇದ್ದೀರಾ? ಸೈಟ್ 16 ಅಕ್ಷರಕ್ಕಿಂತ ಹೆಚ್ಚು ಒಪ್ಪದಿದ್ದರೆ ಮತ್ತೆ ವಾಲ್ಟ್‌ಗೆ ಹೋಗಿ ತಿದ್ದಬೇಕು, ಅದೊಂದೇ ಕಿರಿಕಿರಿ. ಕಂಪ್ಯೂಟರ್‌ನಲ್ಲಿ ಹೇಗೋ ಆಗುತ್ತದೆ. ಆಂಡ್ರಾಯ್ಡ್ ಫೋನಲ್ಲಿ ಆ್ಯಪ್‌ನಿಂದ ಬ್ರೌಸರಿಗೆ ಓಡಾಡದೆ ಮಾಡುವ ದಾರಿ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.