ರೇಡಿಯೊದಲ್ಲಿ ಬರುವ ನಿಯಂತ್ರಕರ ಮಾತನ್ನು ಹಿಡಿಯುವುದು ಹೇಗೆ?

ಹಾಸನದ ಕಲಿಕಾರ್ಥಿ:

ನಾನು ಹಾಸನ ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಹೊರರಾಜ್ಯದ ಒಂದು ತರಬೇತಿ ಶಾಲೆಯಲ್ಲಿ ಸೆಸ್ನಾ 172 ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದೇನೆ. ವಿಮಾನದ ರೇಡಿಯೊ ಬಳಸಲು ಬೇಕಾದ ಆರ್‌ಟಿಆರ್ ಪರೀಕ್ಷೆ ಪಾಸಾಗಿದೆ, ಪುಸ್ತಕದ ಇಂಗ್ಲಿಷ್ ನನಗೆ ತೊಡಕಲ್ಲ. ಆದರೆ ಎಂಜಿನ್ನಿನ ಮೊರೆತದ ನಡುವೆ ಹೆಡ್‌ಸೆಟ್ಟಿಗೆ ಬರುವ ಮಾತು ಅರ್ಧಕ್ಕರ್ಧ ಕೈತಪ್ಪುತ್ತದೆ. ವಿಮಾನಗಳಿಗೆ ಸೂಚನೆ ಕೊಡುವ ನಿಯಂತ್ರಕರ ಟವರಿನಲ್ಲಿ ಒಂದು ದಿನ ಬಂಗಾಳದವರು, ಇನ್ನೊಂದು ದಿನ ಕೇರಳದವರು, ಮತ್ತೊಂದು ದಿನ ಉತ್ತರ ಪ್ರದೇಶದವರು ಇರುತ್ತಾರೆ. ಒಬ್ಬರ ಉಚ್ಚಾರಣೆಗೆ ಕಿವಿ ಒಗ್ಗುವಷ್ಟರಲ್ಲಿ ಪಾಳಿ ಬದಲಾಗಿರುತ್ತದೆ.

ಕಳೆದ ವಾರ ಸರ್ಕ್ಯೂಟ್ (ಇಳಿಯುವ ಮುನ್ನ ನಿಲ್ದಾಣದ ಸುತ್ತ ಹಾರುವ ಹಾದಿ) ಸೇರುವಾಗ ಕ್ಯೂಎನ್‌ಎಚ್ (ಆಲ್ಟಿಮೀಟರಿನಲ್ಲಿ ಇಡಬೇಕಾದ ಗಾಳಿಯ ಒತ್ತಡದ ಅಂಕಿ) 1005 ಎಂದು ಹೇಳಿದ್ದು ನನಗೆ ಸ್ಪಷ್ಟವಾಗಲಿಲ್ಲ. ಎರಡು ಸಲ ಮತ್ತೆ ಹೇಳಿರೆಂದು ಕೇಳಿದೆ. ಮೂರನೆಯ ಸಲ ಕೇಳಲು ನಾಚಿಕೆಯಾಗಿ ‘ರಾಜರ್’ (ಕೇಳಿಸಿತು) ಎಂದುಬಿಟ್ಟು, ಎತ್ತರ ತೋರಿಸುವ ಆಲ್ಟಿಮೀಟರಿನಲ್ಲಿ 1009 ಇಟ್ಟೆ. ಪಕ್ಕದಲ್ಲಿದ್ದ ಶಿಕ್ಷಕರು ಏನೂ ಮಾತಾಡದೆ ಕೈ ಚಾಚಿ ಗುಬುಟನ್ನು ತಿರುಗಿಸಿದರು. ನಾಲ್ಕು ಹೆಕ್ಟೊಪಾಸ್ಕಲ್ ಎಂದರೆ ಸುಮಾರು 110 ಅಡಿ, ಅಷ್ಟು ಕೆಳಗಿದ್ದೂ ಮೇಲಿದ್ದೇನೆಂದು ನಂಬಿದ್ದೆ. ಅಂದಿನಿಂದ ಮೈಕಿನ ಗುಂಡಿ ಮುಟ್ಟುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಅನುಭವಿಗಳು ದಾರಿ ತೋರಿಸಬೇಕೆಂದು ವಿನಂತಿ.

ಎಟಿಆರ್ ಪೈಲಟ್:

ಮೊದಲಿಗೆ, ನಿಮ್ಮ ಕಿವಿಯನ್ನು ದೂರುವುದನ್ನು ಬಿಡಿ. ವಿಮಾನದ ರೇಡಿಯೊ ಸುಮಾರು 300ರಿಂದ 3,400 ಹರ್ಟ್ಸ್ ವರೆಗಿನ ದನಿಯನ್ನಷ್ಟೇ ದಾಟಿಸುತ್ತದೆ. ಸ್ವರಗಳ ಬಲವೆಲ್ಲ ಆ ಪಟ್ಟಿಯೊಳಗೆ ಸಿಗುತ್ತದೆ. ಸಕಾರ, ಫಕಾರದಂತಹ ಉಸಿರಿನ ವ್ಯಂಜನಗಳ ಗುರುತು ಮಾತ್ರ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ದಾರಿಯಲ್ಲೇ ಉದುರಿಹೋಗುತ್ತದೆ. ‘ಫೈವ್’ ಮತ್ತು ‘ನೈನ್’ ಎರಡರಿಂದಲೂ ವ್ಯಂಜನಗಳನ್ನು ತೆಗೆದರೆ ಉಳಿಯುವುದು ‘ಐ’ ಒಂದೇ. ನೀವು 5 ಇದ್ದಲ್ಲಿ 9 ಕೇಳಿದ್ದು ಇದೇ ಕಾರಣಕ್ಕೆ, ಮತ್ತು ಜಗತ್ತಿನಾದ್ಯಂತ ‘ಫೈಫ್’, ‘ನೈನರ್’ ಎಂದು ಹೇಳಬೇಕೆಂಬ ನಿಯಮ ಬಂದಿರುವುದೂ ಇದಕ್ಕಾಗಿಯೇ.

ವಿಮಾನಗಳು ಇಂದಿಗೂ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹಳೆಯ ಎಎಮ್ ಪದ್ಧತಿಯನ್ನೇ ಬಳಸುತ್ತವೆ. ಎಫ್‌ಎಮ್ ಆಗಿದ್ದರೆ ಸದ್ದು ಕಡಿಮೆಯಾಗುತ್ತಿತ್ತಲ್ಲ ಎಂದು ನಾನೂ ಕಲಿಯುವಾಗ ಕೇಳಿದ್ದೆ. ಎಫ್‌ಎಮ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ದನಿ ದುರ್ಬಲವಾದುದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಎಎಮ್‌ನಲ್ಲಿ ಹಾಗಾಗದೆ ಕೀರಲು ಶಬ್ದ ಬರುತ್ತದೆ, ಆಗ ಯಾರದೋ ಮಾತು ಕಳೆದುಹೋಯಿತೆಂಬುದಾದರೂ ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನು ಅಭ್ಯಾಸದ ವಿಚಾರ. ಅನುಭವಿ ಪೈಲಟ್ ಪ್ರತಿ ಪದವನ್ನೂ ಕೇಳಿಸಿಕೊಳ್ಳುತ್ತಾನೆಂದು ಭಾವಿಸಬೇಡಿ. ಮುಂದೆ ಏನು ಬರಲಿದೆ ಎಂಬುದು ಅವನಿಗೆ ಮೊದಲೇ ಗೊತ್ತಿರುವುದರಿಂದ, ಅವನು ಖಾಲಿ ಬಿಟ್ಟ ಜಾಗಗಳನ್ನಷ್ಟೇ ತುಂಬಿಕೊಳ್ಳುತ್ತಾನೆ. ಸರ್ಕ್ಯೂಟ್ ಸೇರುವಾಗ ಬರುವುದು ರನ್‌ವೇ, ಗಾಳಿ, ಕ್ಯೂಎನ್‌ಎಚ್ ಮತ್ತು ನಿಮ್ಮ ಸರದಿ. ತೊಡೆಗೆ ಕಟ್ಟುವ ಹಲಗೆಯ ಮೇಲೆ ಈ ನಾಲ್ಕಕ್ಕೂ ಒಂದೊಂದು ಅಕ್ಷರ ಬರೆದು, ಮುಂದೆ ಜಾಗ ಬಿಟ್ಟು, ಆಮೇಲೆ ಕರೆ ಮಾಡಿ. ಅಂಕಿ ಕಿವಿಗೆ ಬಿದ್ದೊಡನೆ ಬರೆಯಿರಿ, ಅರ್ಥವನ್ನು ನಂತರ ನೋಡಿಕೊಳ್ಳಬಹುದು. ಸಹಪಾಠಿಗಳು ಹಾರುವಾಗ ಶಾಲೆಯವರು ಒಪ್ಪಿದರೆ ಹಿಂದಿನ ಸೀಟಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕುಳಿತು, ಕೈಯಲ್ಲಿ ಹಾರಾಟದ ಕೆಲಸವಿಲ್ಲದೆ ಬರೀ ಬರೆದುಕೊಳ್ಳಿ. ನನಗೆ ಕಿವಿ ತೆರೆದದ್ದು ಅಲ್ಲಿಯೇ, ಒಂದು ತಿಂಗಳಿನೊಳಗೆ.

ನಿವೃತ್ತ ನಿಯಂತ್ರಕ:

ಮೇಲಿನವರ ಮಾತು ನಿಜ. ಆದರೆ ಅದರಲ್ಲಿರುವ ಅಪಾಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಚೆನ್ನೈ ಮತ್ತು ಮಂಗಳೂರಿನ ಟವರುಗಳಲ್ಲಿ ಕುಳಿತು ನಾನು ಕಂಡುಕೊಂಡದ್ದೇನೆಂದರೆ, ಮಾತು ಕೇಳಿಸದಿದ್ದವರಿಗಿಂತ ತಾವು ನಿರೀಕ್ಷಿಸಿದ್ದೇ ಕೇಳಿಸಿತೆಂದುಕೊಂಡವರು ಹೆಚ್ಚು ದೊಡ್ಡ ತಪ್ಪು ಮಾಡುತ್ತಾರೆ.

1989ರ ಫೆಬ್ರುವರಿ 19ರಂದು ಕೌಲಾಲಂಪುರದ ಬಳಿ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನವೊಂದಕ್ಕೆ 2,400 ಅಡಿಗೆ ಇಳಿಯಲು ‘ಟು ಫೋರ್ ಜೀರೊ ಜೀರೊ’ ಎಂಬ ಸೂಚನೆ ಹೋಯಿತು. ಮೊದಲಿನ ‘ಟು’ ಅಂಕಿಯೆಂದು ತಿಳಿಯದೆ, ‘400ಕ್ಕೆ’ ಎಂದು ಪೈಲಟ್‌ಗಳು ಅರ್ಥ ಮಾಡಿಕೊಂಡರು. ‘ಓಕೆ, ಫೋರ್ ಜೀರೊ ಜೀರೊ’ ಎಂದು ಅವರು ಮರಳಿ ಹೇಳಿದಾಗ ನಿಯಂತ್ರಕರಿಗೂ ತಮ್ಮ ಮನಸ್ಸಿನಲ್ಲಿದ್ದ ಅಂಕಿಯೇ ಕೇಳಿಸಿತು. ವಿಮಾನ ಬೆಟ್ಟಕ್ಕೆ ಬಡಿದು ನಾಲ್ವರೂ ಸತ್ತರು. ಇದನ್ನು ಉಚ್ಚಾರಣೆಯ ದೋಷವೆನ್ನಲಾಗದು, ಎರಡು ಕಡೆಯ ಕಿವಿಗಳೂ ತಮಗೆ ಬೇಕಾದುದನ್ನೇ ಕೇಳಿಸಿಕೊಂಡಿದ್ದವು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ಎರಡು ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತಾಗಲೂ, ‘ಕಾಯಿರಿ, ನಾನೇ ಕರೆಯುತ್ತೇನೆ’ ಎಂಬ ಟವರಿನ ಮಾತು ಮತ್ತು ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂಬ ಪ್ಯಾನ್ ಆಮ್ ವಿಮಾನದ ಮಾತು ಒಂದರ ಮೇಲೊಂದು ಬಿದ್ದು, ಕೆಎಲ್‌ಎಮ್ ವಿಮಾನದೊಳಗೆ ಮೇಲಿನವರು ಹೇಳಿದ ಅದೇ ಕೀರಲು ಶಬ್ದ ಬಂದಿತ್ತು. ಹೊರಡುವ ನಿರೀಕ್ಷೆಯಲ್ಲಿದ್ದ ಕ್ಯಾಪ್ಟನ್ ಆ ಶಬ್ದದ ಅರ್ಥವೇನೆಂದು ಕೇಳಲಿಲ್ಲ. ‘ಟೇಕಾಫ್’ ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ಬಳಸುವುದು ಆಮೇಲೆ ಬಂದ ಪದ್ಧತಿ.

ಆದ್ದರಿಂದ ನಿರೀಕ್ಷೆಯನ್ನು ಚೌಕಟ್ಟಿಗೆ ಇಟ್ಟುಕೊಳ್ಳಿ, ಅಂಕಿಗಳಿಗೆ ಬೇಡ. ಕ್ಯೂಎನ್‌ಎಚ್ ಬರುತ್ತದೆಂದು ಊಹಿಸುವುದು ಸರಿ, ಎಷ್ಟು ಬರುತ್ತದೆಂದು ಊಹಿಸುವುದು ಸಲ್ಲದು. ಕ್ಯೂಎನ್‌ಎಚ್ ಅನ್ನು ಮರಳಿ ಹೇಳಲೇಬೇಕೆಂಬುದು ನಿಯಮ, ಅಲ್ಲಿ ಬರೀ ‘ರಾಜರ್’ ನಡೆಯುವುದಿಲ್ಲ. ನೀವು ಹಾಗೆಂದಾಗ ಅಂಕಿಯನ್ನು ಕೇಳಿ ಪಡೆಯದೆ ಬಿಟ್ಟದ್ದು ಆ ನಿಯಂತ್ರಕರ ತಪ್ಪೂ ಹೌದು. ನಿಮಿಷಕ್ಕೆ ನೂರು ಪದಗಳನ್ನು ಮೀರದಂತೆ ಮಾತಾಡಬೇಕೆಂಬ ನಿಯಮ ನಮಗಿದೆ, ಒತ್ತಡದಲ್ಲಿ ನಾವು ಅದನ್ನು ಮೀರುತ್ತೇವೆ. ‘ಸ್ಪೀಕ್ ಸ್ಲೋವರ್’ ಎನ್ನುವುದು ನಿಗದಿಯಾದ ಪದಗುಚ್ಛ, ಅದನ್ನು ಬಳಸಿದ ಯಾವ ವಿದ್ಯಾರ್ಥಿಯ ಬಗೆಗೂ ನಾನು ಬೇಸರಪಟ್ಟುಕೊಂಡಿಲ್ಲ. ನಾಚಿಕೊಂಡು ಸುಮ್ಮನಾದವರ ಬಗ್ಗೆ ಮಾತ್ರ ಪಾಳಿ ಮುಗಿದು ಮನೆಗೆ ಹೋದ ಮೇಲೂ ಚಿಂತಿಸಿದ್ದೇನೆ.

ಅರಿಝೋನಾದಲ್ಲಿ ಕಲಿತವನು:

ಇಂಗ್ಲಿಷ್ ಮಾತೃಭಾಷೆಯವರ ನಡುವೆ ಸುಲಭವಾದೀತೆಂದು ನಂಬಿ ನಾನು ಅಮೆರಿಕಕ್ಕೆ ಹೋಗಿದ್ದೆ, ಮೊದಲ ವಾರ ಒಂದು ಮಾತೂ ಹತ್ತಲಿಲ್ಲ. ಅಲ್ಲಿ ‘ಡೆಸಿಮಲ್’ ಬದಲು ‘ಪಾಯಿಂಟ್’, ಕ್ಯೂಎನ್‌ಎಚ್ ಬದಲು ‘ಆಲ್ಟಿಮೀಟರ್’, ಹೆಕ್ಟೊಪಾಸ್ಕಲ್ ಬದಲು ಪಾದರಸದ ಅಂಗುಲ. ಮೊದಲ ಕರೆಯಲ್ಲಿ ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನದ ಹೆಸರು) ಜೊತೆಗೆ ‘ಸ್ಟೂಡೆಂಟ್ ಪೈಲಟ್’ ಎಂದು ಸೇರಿಸಲು ಶಿಕ್ಷಕರು ಹೇಳಿಕೊಟ್ಟರು. ಸೇರಿಸಿದ ದಿನವೇ ನಿಯಂತ್ರಕರು ವೇಗವನ್ನು ತಗ್ಗಿಸಿದರು.

ಹಾಸನದ ಕಲಿಕಾರ್ಥಿ:

ತಮ್ಮೆಲ್ಲರಿಗೂ ಕೃತಜ್ಞಳು. ನಾಳೆಯಿಂದಲೇ ಹಲಗೆಯ ಮೇಲೆ ನಾಲ್ಕು ಅಕ್ಷರ ಬರೆದುಕೊಂಡು ಹಾರುತ್ತೇನೆ. ನಿಯಂತ್ರಕ ಸರ್, ಇನ್ನೊಂದು ಸಂದೇಹ: ರೇಡಿಯೊದಲ್ಲಿ ಉಸಿರಾಡಲೂ ಬಿಡುವಿಲ್ಲದಷ್ಟು ದಟ್ಟಣೆಯಿದ್ದು, ಒಂದೇ ಒಂದು ಅಂಕಿ ತಪ್ಪಿದ್ದರೆ ಇಡೀ ಸೂಚನೆಯನ್ನು ಮತ್ತೆ ಹೇಳಿಸಬೇಕೆ?

ನಿವೃತ್ತ ನಿಯಂತ್ರಕ:

ಬೇಕಿಲ್ಲ. ಸಿಕ್ಕಿದ್ದನ್ನು ಮರಳಿ ಹೇಳಿ, ತಪ್ಪಿದ್ದನ್ನಷ್ಟೇ ಕೇಳಿ: ‘ರನ್‌ವೇ ಟು ಸೆವೆನ್, ಸೇ ಎಗೇನ್ ಕ್ಯೂಎನ್‌ಎಚ್’, ಕೊನೆಯಲ್ಲಿ ನಿಮ್ಮ ಕಾಲ್‌ಸೈನ್. ಬಾಲವೆಲ್ಲ ಹೋಗಿದ್ದರೆ ‘ಸೇ ಎಗೇನ್ ಆಲ್ ಆಫ್ಟರ್’ ಎಂದು, ನಿಮಗೆ ಖಚಿತವಾಗಿ ಕೇಳಿಸಿದ ಕೊನೆಯ ಪದವನ್ನು ಹೇಳಿ. ನಾವು ಅಲ್ಲಿಂದ ಮುಂದಕ್ಕೆ ಹೇಳುತ್ತೇವೆ. ಮೈಕ್ ತುಟಿಗೆ ತಾಗುವಷ್ಟು ಹತ್ತಿರವಿರಲಿ, ಗುಂಡಿ ಒತ್ತಿದ ಮೇಲೆ ಕ್ಷಣ ತಡೆದು ಮಾತು ಆರಂಭಿಸಿ. ಇಲ್ಲದಿದ್ದರೆ ನಿಮ್ಮ ಮೊದಲ ಪದ ನಮಗೆ ತಲುಪುವುದಿಲ್ಲ, ಆಗ ‘ಸೇ ಎಗೇನ್’ ಎನ್ನುವ ಸರದಿ ನಮ್ಮದಾಗುತ್ತದೆ.