ಕತ್ತಿನ ಕೀಹೋಲ್ (ಸಣ್ಣ ಗಾಯದ) ಸರ್ಜರಿ: ಡಾಕ್ಟರಿಗೆ ಕೇಳಿ (ಫೋನ್ ಗುಂಪಿನ ಸದಸ್ಯರ ಪ್ರಶ್ನೆ, ಡಾಕ್ಟರ ಉತ್ತರ)

ಕುಂಬಳೆಯ ಸದಸ್ಯ: ಡಾಕ್ಟ್ರೇ, ಗಾಯ ಸಣ್ಣದಾದರೆ ಅಪಾಯವೂ ಸಣ್ಣದು ಅಲ್ವಾ?

ಡಾಕ್ಟರ್: ಸ್ನಾಯುವಿಗೆ ಪೆಟ್ಟು ಕಡಿಮೆ, ನಿಜ. ಆದರೆ ಒಳಗಿನ ನರ, ಬೆನ್ನುಹುರಿ, ರಕ್ತನಾಳ ಎಲ್ಲ ಅವೇ. ಸಕ್ಕರೆ ಕಾಯಿಲೆ, ಎಲುಬಿನ ಸವೆತ, ಬೀಡಿ ಇದ್ದರೆ ತೊಂದರೆ ಜಾಸ್ತಿ.

ಪೆರ್ಲದ ಸದಸ್ಯ: ಬೀಡಿ ಬಿಡಲೇಬೇಕಾ?

ಡಾಕ್ಟರ್: ಬಿಡಿ. ಎಲುಬು ಕೂಡಿಸುವ ಸರ್ಜರಿಯಾದರೆ ಎಲುಬು ಸರಿಯಾಗಿ ಕೂಡದೇ ಹೋಗಬಹುದು. ಎಲೆಅಡಿಕೆಗೆ ಹಾಕುವ ಹೊಗೆಸೊಪ್ಪೂ ಬೇಡ.

ಬೋವಿಕ್ಕಾನದ ಸದಸ್ಯ: ಅಪ್ಪನಿಗೆ 66 ವರ್ಷ. ಮೊನ್ನೆ ಮಂಗಳೂರಿನಲ್ಲಿ ಕತ್ತಿನ ಮುಂದಿನಿಂದ ಡಿಸ್ಕ್ (ಎಲುಬುಗಳ ನಡುವಿನ ಮೆತ್ತೆ) ಸರ್ಜರಿ ಆಯ್ತು. ನಿನ್ನೆ ಮನೆಗೆ ಬಂದರು. ಸ್ವರ ಒಡೆದಿದೆ, ನುಂಗಲು ಕಷ್ಟ. ಇವತ್ತು ಕತ್ತು ಊದಿದೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂತಾರೆ. ರಕ್ತ ತೆಳು ಮಾಡುವ ಹಳೇ ಮಾತ್ರೆಯನ್ನು ಕೇಳದೆಯೇ ಶುರು ಮಾಡಿದ್ದಾರೆ. ನಾಳೆ ತೋರಿಸಿದರೆ ಸಾಕಾ?

ಡಾಕ್ಟರ್: ಸಾಲದು, ಈಗಲೇ ಹೊರಡಿ. 108ಕ್ಕೆ ಫೋನ್ ಮಾಡಿ. ಅನ್ನನಾಳವನ್ನೂ ಸ್ವರದ ನರವನ್ನೂ ಬದಿಗೆ ಸರಿಸಿ ಕೆಲಸ ಮಾಡುವುದರಿಂದ ಸ್ವರ ಒಡೆಯುವುದು, ನುಂಗಲು ಕಷ್ಟ ಆಗುವುದು ಹಲವರಿಗೆ ಇರುತ್ತದೆ, ವಾರಗಳಲ್ಲಿ ಕಡಿಮೆಯಾಗುತ್ತದೆ. ಊತದ ಜತೆ ಉಸಿರು ಕಟ್ಟಿದರೆ ಕಥೆ ಬೇರೆ. ಒಳಗೆ ರಕ್ತ ಕಟ್ಟಿ ಉಸಿರಿನ ಕೊಳವೆಯನ್ನು ಒತ್ತುತ್ತಿರಬಹುದು. ಹೆಚ್ಚಾಗಿ ಮೊದಲ ದಿನವೇ ಆಗುತ್ತದೆ, ತಡವಾಗಿಯೂ ಬರುತ್ತದೆ. ಹೊಲಿಗೆ ಬಿಚ್ಚಿ ರಕ್ತ ತೆಗೆಯಬೇಕಾಗಬಹುದು. ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಿರಿ. ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಮಂಗಳೂರಿಗೇ ಅಂತ ಹಟ ಬೇಡ, ಹತ್ತಿರದ ಕ್ಯಾಶುವಾಲ್ಟಿ ಸಾಕು. ಡಿಸ್ಚಾರ್ಜ್ ಹಾಳೆ, ಆ ಮಾತ್ರೆ ಎರಡೂ ಕೈಯಲ್ಲಿರಲಿ.

ಮುಳ್ಳೇರಿಯದ ಸದಸ್ಯ: ಫಾರ್ವರ್ಡ್ ಬಂದಿದೆ: ಊತಕ್ಕೆ ಬಿಸಿ ಉಪ್ಪಿನ ಗಂಟು, ಎಣ್ಣೆ ಹಚ್ಚಿ ಕತ್ತಿನ ಲಟಿಕೆ.

ಡಾಕ್ಟರ್: ದಯವಿಟ್ಟು ಅಳಿಸಿ. ಕತ್ತು ತಿರುಚಿದರೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಸ್ಟ್ರೋಕ್ ಆಗಬಹುದು. ಸರ್ಜರಿ ಆದ ಕತ್ತಿಗೆ ಕೈ ಹಾಕುವುದೇ ತಪ್ಪು. ಇಂಥದ್ದು ಇಲ್ಲಿ ಇನ್ನು ಹಾಕಬೇಡಿ.

ಮಂಜೇಶ್ವರದ ಸದಸ್ಯ: ಅದಕ್ಕೇ ಹೇಳುವುದು, ಕತ್ತಿಗೆ ಕತ್ತಿ ಹಾಕಿಸಲೇಬಾರದು.

ಬದಿಯಡ್ಕದ ಸದಸ್ಯೆ: ನಮ್ಮ ಅತ್ತಿಗೆಗೆ ರವಿಕೆ ಗುಂಡಿ ಹಾಕಲೂ ಕೈ ಬರುತ್ತಿರಲಿಲ್ಲ. ಸರ್ಜರಿ ಆಗಿ ಈಗ ಅಡುಗೆ ಮಾಡ್ತಾರೆ. ಸುಮ್ನೆ ಹೆದರಿಸಬೇಡಿ ಅಣ್ಣ.

ಮಂಜೇಶ್ವರದ ಸದಸ್ಯ: ನಿಮಗೆ ಆಸ್ಪತ್ರೆಯವರು ಕಮಿಷನ್ ಕೊಡ್ತಾರಾ?

ಬದಿಯಡ್ಕದ ಸದಸ್ಯೆ: ನಾಲಿಗೆ ಹಿಡಿತದಲ್ಲಿರಲಿ. ಅಡ್ಮಿನ್ ನೋಡ್ತಾ ಇದ್ದೀರಾ?

ನೀರ್ಚಾಲಿನ ಸದಸ್ಯ: ಇದಕ್ಕೆ ಇನ್ಶೂರೆನ್ಸ್ ಸಿಗುತ್ತದಾ?

ಡಾಕ್ಟರ್: ಜಗಳ ಆಮೇಲೆ. ನಡಿಗೆ ತೂರಾಡಿದರೆ, ಗುಂಡಿ ಹಾಕಲು ಬೆರಳು ತಡವರಿಸಿದರೆ ಬೆನ್ನುಹುರಿ ಒತ್ತಿರಬಹುದು. ಕಾದಷ್ಟೂ ಹೋದ ಬಲ ಮರಳುವುದು ಕಷ್ಟ. ಬೋವಿಕ್ಕಾನದವರೇ, ಹೊರಟಿರಾ?

ಬೋವಿಕ್ಕಾನದ ಸದಸ್ಯ: ಆಂಬುಲೆನ್ಸಿನಲ್ಲಿದ್ದೇವೆ. ಕೂರಿಸಿದ್ದೇವೆ.

ಡಾಕ್ಟರ್: ಕ್ಯಾಶುವಾಲ್ಟಿಗೆ ಈಗಲೇ ಫೋನ್ ಮಾಡಿ. ಕತ್ತಿನ ಸರ್ಜರಿ, ಊತ, ಉಸಿರಿನ ತೊಂದರೆ ಅಂತ ಹೇಳಿ.

ಪೆರ್ಲದ ಸದಸ್ಯ: ಬೀಡಿ ದಿನಕ್ಕೆ ಎರಡೇ ಆದರೆ ಡಾಕ್ಟ್ರೇ?

ಡಾಕ್ಟರ್: ಮೇಲೆ ಹೇಳಿದ್ದೇನೆ.